ತೊಣ್ಣೂರಿಗೆ ಗಂಟುಮೂಟೆ

ಸೈಕಲ್ಲಿನಲ್ಲಿ ಲಡಾಖಿಗೆ ಹೋಗುತ್ತೇನೆಂದು ಹೇಳಿ ನೋಡಿ. ಇಡೀ ಬೀದಿ ಹೆಮ್ಮೆಪಡುತ್ತದೆ. ಹಾಲಿನವನು ಪಕ್ಕದಲ್ಲಿ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾನೆ, ಬಡಾವಣೆಯ ಸಂಘದವರು ಹಾರ ಹಾಕಿದರೂ ಹಾಕಿಯಾರು. ಅದೇ ಸೈಕಲ್ಲಿನಲ್ಲಿ ಮೈಸೂರಿನಿಂದ ತೊಣ್ಣೂರಿಗೆ ಹೋಗಿ, ಒಂದು ರಾತ್ರಿ ಡೇರೆ ಹಾಕಿಕೊಂಡು ಮಲಗಿ, ಮಾರನೆಯ ದಿನ ವಾಪಸು ಬರುತ್ತೇನೆ ಎನ್ನಿ. ಎಲ್ಲರೂ ದನಿ ತಗ್ಗಿಸಿ ಕೇಳುವುದು ಒಂದೇ: "ಯಾಕೆ ಸಾರ್, ಮನೇಲಿ ಏನಾದ್ರೂ ಆಯ್ತಾ?"

ದೂರದ ಪ್ರಯಾಣಕ್ಕೆ ದೂರವೇ ಸಮಜಾಯಿಷಿ. ಹತ್ತಿರದ ಪ್ರಯಾಣಕ್ಕೆ ಹತ್ತು ಜನಕ್ಕೆ ಲೆಕ್ಕ ಒಪ್ಪಿಸಬೇಕು. ನಮ್ಮ ಪಕ್ಕದ ಮನೆಯಲ್ಲಿ ಸಾರಿಗೆ ಸಂಸ್ಥೆಯ ನಿವೃತ್ತ ಕಂಡಕ್ಟರೊಬ್ಬರಿದ್ದಾರೆ. ಸುದ್ದಿ ಕಿವಿಗೆ ಬಿದ್ದ ಸಂಜೆಯೇ ಕಾಂಪೌಂಡಿನ ಮೇಲೆ ಮೊಣಕೈಯೂರಿ, ಪಾಂಡವಪುರಕ್ಕೆ ಬೆಳಗಿನ ಜಾವದಿಂದ ರಾತ್ರಿಯವರೆಗೆ ಯಾವ ಯಾವ ಗಾಡಿ ಇದೆಯೆಂದು ಬಾಯಲ್ಲೇ ಒಪ್ಪಿಸಿದರು. ಅಲ್ಲಿಂದ ಮುಂದಕ್ಕೆ ಆಟೋ. ಬಸ್ಸು ಬೇಡವೆಂದರೆ ರೈಲೂ ಉಂಟು, ಪ್ಯಾಸೆಂಜರು ಪಾಂಡವಪುರದಲ್ಲಿ ನಿಲ್ಲುತ್ತದೆ. ಬಸ್ಸು ಸಿಗುವುದಿಲ್ಲವೆಂದು ಸೈಕಲ್ ಹತ್ತುತ್ತಿಲ್ಲ, ಸುಮ್ಮನೆ ಹೋಗುತ್ತಿದ್ದೇವೆ ಎಂದೆ. "ಸುಮ್ಮನೆ" ಎಂಬ ಸ್ಟೇಜಿಗೆ ಅವರು ಇಡೀ ಸರ್ವೀಸಿನಲ್ಲಿ ಟಿಕೆಟ್ ಹರಿದಿರಲಾರರು. ನನ್ನನ್ನೇ ಸ್ವಲ್ಪ ಹೊತ್ತು ನೋಡಿ ಒಳಗೆ ಹೋದರು. ಆಮೇಲೆ ಅವರ ಮನೆಯವರು ನನ್ನ ಹೆಂಡತಿಯನ್ನು ಕರೆದು ಏನೋ ವಿಚಾರಿಸಿದರಂತೆ.

ಇಷ್ಟಕ್ಕೂ ತೊಣ್ಣೂರು ಉಪೇಕ್ಷೆ ಮಾಡುವಂಥ ಊರಲ್ಲ. ಮಂಡ್ಯ ಜಿಲ್ಲೆ, ಪಾಂಡವಪುರ ತಾಲ್ಲೂಕು. ನಮ್ಮ ಮನೆಯಿಂದ ನಲವತ್ತು ಕಿಲೋಮೀಟರಿನ ಆಸುಪಾಸು. ಕಬ್ಬು, ಭತ್ತ, ತೆಂಗು ಎಲ್ಲವನ್ನೂ ದಾಟಿಕೊಂಡು ಹೋದರೆ ಬೆಟ್ಟಗಳ ಸಂದಿಯಲ್ಲಿ ಇದ್ದಕ್ಕಿದ್ದಂತೆ ಕೆರೆ. ನೀರು ಎಷ್ಟು ತಿಳಿಯೆಂದರೆ ಅದಕ್ಕೆ ಮೋತಿ ತಲಾಬ್ ಎಂದೇ ಹೆಸರು ಬಿತ್ತು. ಕಟ್ಟಿಸಿದವರು ರಾಮಾನುಜಾಚಾರ್ಯರೆಂದು ಪ್ರತೀತಿ. ಪಕ್ಕದಲ್ಲೇ ಹೊಯ್ಸಳರ ಕಾಲದ ನಂಬಿ ನಾರಾಯಣನ ಗುಡಿ. ಆಚಾರ್ಯರು ಅಷ್ಟು ದೂರದ ತಮಿಳು ಸೀಮೆಯಿಂದ ಇಲ್ಲಿಗೆ ಬಂದರು. ಅವರ ಗಂಟಿನಲ್ಲಿ ಮಂಕಿ ಕ್ಯಾಪಂತೂ ಇದ್ದಿರಲಾರದು.

ಮಂಕಿ ಕ್ಯಾಪಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಡೇರೆ ಹಾಕುವುದಕ್ಕೆ ಜಾಗ ಹುಡುಕಿದ್ದು ನನ್ನ ಜೊತೆಗಾರರಾದ ಮೇಷ್ಟ್ರು. ಭೌತಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಇಂಗ್ಲೆಂಡಿನಲ್ಲೋ ಜಪಾನಿನಲ್ಲೋ ಜನ ಸಂಜೆಯಾದ ಕಡೆ ಸೈಕಲ್ ನಿಲ್ಲಿಸಿ ಮಲಗುವ ವಿಡಿಯೋಗಳನ್ನು ನಾವಿಬ್ಬರೂ ಬೇಕಾದಷ್ಟು ನೋಡಿದ್ದೆವು. ಆದರೆ ನಮ್ಮಲ್ಲಿ ಖಾಲಿ ಜಾಗ ಅಂತ ಒಂದಿಲ್ಲ. ಮರಗಿಡ ಕಂಡರೆ ಅರಣ್ಯ ಇಲಾಖೆಯದು, ನೀರು ಕಂಡರೆ ನೀರಾವರಿಯವರದು, ಗೋಪುರ ಕಂಡರೆ ಮುಜರಾಯಿಯದು, ಏನೂ ಕಾಣದಿದ್ದರೆ ಯಾರದೋ ದಾಯಾದಿ ವ್ಯಾಜ್ಯದ್ದು. ಕಡೆಗೆ ಮೇಷ್ಟ್ರ ಷಡ್ಡಕರ ತೆಂಗಿನ ತೋಟವೇ ಗತಿಯಾಯಿತು. ಅದರಲ್ಲೂ ಮೇಷ್ಟ್ರದೊಂದು ಷರತ್ತು: ತೋಟವೆಂದರೆ ತೋಟದ ಅಂಚು, ಮರದ ಕೆಳಗೆ ಸುತರಾಂ ಕೂಡದು. ಹದಿನೆಂಟು ಮೀಟರ್ ಎತ್ತರದಿಂದ ಕಳಚಿದ ತೆಂಗಿನಕಾಯಿ ನೆಲ ಮುಟ್ಟುವ ಹೊತ್ತಿಗೆ ಗಂಟೆಗೆ 65 ಕಿಲೋಮೀಟರಿಗೂ ಮೇಲೆ ವೇಗ ಪಡೆಯುತ್ತದೆಂದು ಹಾಲಿನ ಚೀಟಿಯ ಹಿಂದೆ ಲೆಕ್ಕ ಮಾಡಿ ತೋರಿಸಿದರು. ನಾವು ಸೈಕಲ್ ತುಳಿಯುವ ವೇಗದ ನಾಲ್ಕು ಪಟ್ಟು. ಇಡೀ ಪ್ರವಾಸದಲ್ಲಿ ಅತಿ ವೇಗವಾಗಿ ಚಲಿಸುವ ವಸ್ತು ತೆಂಗಿನಕಾಯಿಯೇ ಆಗುವ ಸಂಭವವಿತ್ತು.

ಮೇಷ್ಟ್ರಿಗೆ ಯಾವ ಕೆಲಸಕ್ಕೂ ಒಬ್ಬ ಮೂಲಪುರುಷ ಬೇಕು. ಸೈಕಲ್ ಕ್ಯಾಂಪಿಂಗಿಗೆ ಅವರು ಹುಡುಕಿ ತಂದದ್ದು ಥಾಮಸ್ ಹೈರಮ್ ಹೋಲ್ಡಿಂಗ್ ಎಂಬ ದರ್ಜಿಯನ್ನು. ಹುಡುಗನಾಗಿದ್ದಾಗ, 1853ರಲ್ಲಿ, ಅಪ್ಪ ಅಮ್ಮನ ಜೊತೆ ಗಾಡಿಗಳ ಸಾಲಿನಲ್ಲಿ ಅಮೆರಿಕದ ಹುಲ್ಲುಗಾವಲು ದಾಟಿದವನು. ದೊಡ್ಡವನಾಗಿ ಇಂಗ್ಲೆಂಡಿನಲ್ಲಿ ಕೋಟು ಹೊಲಿಯುತ್ತ, ಸೈಕಲ್ಲಿನ ಮೇಲೆ ಹೊರಬಹುದಾದ ಪುಟ್ಟ ಡೇರೆ ಮಾಡಿಕೊಂಡು ಗೆಳೆಯರೊಡನೆ ಐರ್ಲೆಂಡಿನ ಕೊನೆಮಾರಾ ಸುತ್ತಿದ. 1898ರಲ್ಲಿ ಅದನ್ನು ಪುಸ್ತಕ ಮಾಡಿದ. 1901ರಲ್ಲಿ ಸೈಕಲ್ ಕ್ಯಾಂಪರುಗಳ ಸಂಘವನ್ನೇ ಕಟ್ಟಿದ. ಆ ಸಂಘ ಹೆಸರು ಬದಲಿಸಿಕೊಳ್ಳುತ್ತ ಇವತ್ತಿಗೂ ಇದೆ. ಸ್ಕೌಟಿನ ಬೇಡನ್ ಪೊವೆಲ್ ಅದಕ್ಕೆ ಅಧ್ಯಕ್ಷರಾಗಿದ್ದರು. ಇಷ್ಟನ್ನು ಮೇಷ್ಟ್ರು ನಮ್ಮ ಮನೆಯ ಜಗುಲಿಯಲ್ಲಿ ಕೂತು ಕಾಫಿ ಆರುವವರೆಗೆ ಹೇಳಿದರು. ಹೋಲ್ಡಿಂಗ್ ಮಹಾಶಯ ಹಗುರಕ್ಕೋಸ್ಕರ ಡೇರೆಗೆ ಬಳಸಿದ್ದು ಏನು ಗೊತ್ತೇ ಎಂದು ನನ್ನ ಹೆಂಡತಿಯನ್ನು ಕೇಳಿದರು. "ರೇಷ್ಮೆ! ಅಪ್ಪಟ ರೇಷ್ಮೆ!"

ಮೈಸೂರಿನಲ್ಲಿ ಈ ಮಾತು ಆಡುವಾಗ ಹುಷಾರಾಗಿರಬೇಕು. 1912ರಿಂದ ಈ ಊರಿನಲ್ಲಿ ರೇಷ್ಮೆ ಕಾರ್ಖಾನೆ ಇದೆ. ಅಲ್ಲಿಂದ ಹೊರಬಿದ್ದ ಸೀರೆಗಳು ಊರಿನ ಒಂದೊಂದು ಬೀರುವಿನಲ್ಲೂ ಮಲ್ಲು ಪಂಚೆಯಲ್ಲಿ ಸುತ್ತಿಸಿಕೊಂಡು ಮಲಗಿವೆ. ಅವನ್ನು ಮುಟ್ಟಲು ಮನೆಯ ಗಂಡಸರಿಗೆ ಅನುಮತಿಯಿಲ್ಲ. ನನ್ನ ಹೆಂಡತಿ ಕಾಫಿ ಲೋಟ ಎತ್ತಿಕೊಳ್ಳುತ್ತ, "ಆ ಟೈಲರ ಹೆಂಡತಿ ಪಾಪ" ಎಂದಳು. ಬೀರುವಿನ ಬೀಗದ ಕೈ ಅಂದಿನಿಂದ ಗೋಡೆಯ ಮೊಳೆಯಲ್ಲಿ ಕಾಣಲಿಲ್ಲ. ನಮ್ಮ ಡೇರೆ ಕಡೆಗೆ ಆನ್‌ಲೈನಿನಲ್ಲಿ ಬಂದ ನೈಲಾನಿನದು. ಇಬ್ಬರು ಮಲಗಬಹುದೆಂದು ಬರೆದಿತ್ತು. ಆ ಇಬ್ಬರು ಯಾರೋ ಏನೋ, ಕರ್ನಾಟಕದ ಸರ್ಕಾರಿ ಪಿಂಚಣಿದಾರರಂತೂ ಅಲ್ಲ.

ದಿನ ಗೊತ್ತುಮಾಡುವ ಕೆಲಸ ಅಮ್ಮನದು. ಮೇಷ್ಟ್ರು ಹವಾಮಾನದ ತಖ್ತೆ ಹಿಡಿದು ಬಂದಿದ್ದರು: ಸಂಕ್ರಾಂತಿ ಕಳೆದ ಮೇಲೆ ಮಳೆಯ ಭಯವಿಲ್ಲ, ರಾತ್ರಿ ಹದಿನಾರು ಡಿಗ್ರಿಯ ಹತ್ತಿರ, ಸಂಜೆ ಆರೂಕಾಲರವರೆಗೂ ಬೆಳಕು. ಅಮ್ಮ ಒಂಟಿಕೊಪ್ಪಲ್ ಪಂಚಾಂಗ ಹಿಡಿದು ಬಂದರು. ಸೋಮವಾರ, ಶನಿವಾರ ಪೂರ್ವಕ್ಕೆ ಶೂಲ. ಮಂಗಳವಾರ, ಬುಧವಾರ ಉತ್ತರಕ್ಕೆ. ತೊಣ್ಣೂರು ನಮಗೆ ಉತ್ತರ, ಆದ್ದರಿಂದ ಶನಿವಾರ ಅಡ್ಡಿಯಿಲ್ಲ. ಭಾನುವಾರ ಪಶ್ಚಿಮಕ್ಕೆ ಮಾತ್ರ ದೋಷ, ದಕ್ಷಿಣಕ್ಕೆ ವಾಪಸು ಬರುವವರಿಗೆ ತೊಂದರೆಯಿಲ್ಲ. ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲವಾದ್ದರಿಂದ ಅಷ್ಟರೊಳಗೆ ಹೊಸಿಲು ದಾಟಿರಬೇಕು. ಮೇಷ್ಟ್ರು ವಿಚಾರವಾದಿ, ಇದಕ್ಕೆಲ್ಲ ಸೊಪ್ಪು ಹಾಕುವವರಲ್ಲ. ಆದರೆ ಒಂಬತ್ತರ ಮೇಲೆ ಬಿಸಿಲೇರುವುದರಿಂದ ಆರಕ್ಕೇ ಹೊರಡಬೇಕೆಂದು ಅವರ ತಖ್ತೆಯಲ್ಲೂ ಇತ್ತು. ವಿಜ್ಞಾನವೂ ರಾಹುವೂ ಒಂದೇ ಟೈಮ್ ಟೇಬಲ್ ಹಿಡಿದದ್ದನ್ನು ಕಂಡು ನಾನು ಪೆನ್ನು ತೆಗೆದುಕೊಂಡು ಕ್ಯಾಲೆಂಡರಿನಲ್ಲಿ ಸುತ್ತುಹಾಕಿಬಿಟ್ಟೆ.

ಸೈಕಲ್ಲುಗಳನ್ನು ಸಜ್ಜುಗೊಳಿಸಲು ಅಗ್ರಹಾರದ ಹತ್ತಿರದ ಒಂದು ಹಳೆಯ ಅಂಗಡಿಗೆ ಹೋದೆವು. ನನ್ನದು ಕೊರೋನಾ ಕಾಲದಲ್ಲಿ ಎಲ್ಲರ ಜೊತೆ ನಾನೂ ಕೊಂಡ ಗೇರ್ ಸೈಕಲ್. ಆಮೇಲೆ ಎಲ್ಲರ ಹಾಗೆ ನಾನೂ ಅದರ ಮೇಲೆ ಟವೆಲ್ ಒಣಗಿಸುತ್ತಿದ್ದೆ. ಮೇಷ್ಟ್ರದು ಕಾಲೇಜು ದಿನಗಳ ಕರಿ ಅಟ್ಲಾಸ್. ಆ ಕಂಪನಿಯವರು ಸಾಹಿಬಾಬಾದಿನ ಕಾರ್ಖಾನೆಯ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ರಂದು, ಸಾಕ್ಷಾತ್ ವಿಶ್ವ ಸೈಕಲ್ ದಿನದಂದೇ. ಮೇಷ್ಟ್ರು ಅಂದಿನಿಂದ ತಮ್ಮ ಗಾಡಿಯನ್ನು ಪಿತ್ರಾರ್ಜಿತ ಸ್ವತ್ತಿನ ಲೆಕ್ಕದಲ್ಲಿಟ್ಟಿದ್ದಾರೆ.

ಅಂಗಡಿಯ ಯಜಮಾನರಿಗೆ ವಯಸ್ಸು ಎಪ್ಪತ್ತರ ಮೇಲೆ. ಸ್ಟೂಲಿನಿಂದ ಏಳದೆಯೇ ಚಕ್ರವನ್ನು ಒಂದು ಸುತ್ತು ತಿರುಗಿಸಿ, ತೋರುಬೆರಳ ಉಗುರನ್ನು ಕಡ್ಡಿಗಳಿಗೆ ತಾಗಿಸಿ ಹಿಡಿದರು. ಟಿಣ್ ಟಿಣ್ ಟಿಣ್ ಎನ್ನುತ್ತ ಬಂದು ಒಂದು ಕಡೆ ಟಪ್ ಎಂದಿತು. ಚಕ್ರ ನಿಲ್ಲಿಸಿ, ಆ ಕಡ್ಡಿಯನ್ನು ಮಾತ್ರ ಕಾಲು ಸುತ್ತು ಬಿಗಿ ಮಾಡಿ, ಮತ್ತೆ ತಿರುಗಿಸಿದರು. ಈ ಸಲ ಅಪಸ್ವರವಿಲ್ಲ. ಆಮೇಲೆ ನಮ್ಮಿಬ್ಬರ ಸೈಕಲ್ಲನ್ನೂ ಜೊತೆಗಿಟ್ಟು ನೋಡಿ ನಿಧಾನಕ್ಕೆ ಒಂದು ಬಾಂಬ್ ಹಾಕಿದರು. ಒಬ್ಬರ ಟ್ಯೂಬು ಇನ್ನೊಬ್ಬರಿಗೆ ಆಗುವುದಿಲ್ಲ. ಮೇಷ್ಟ್ರದು 28ರ ಚಕ್ರ, ನನ್ನದು 29ರದು. ಇದರಲ್ಲಿ ಇನ್ನೊಂದು ಚೋದ್ಯ, 28ರ ರಿಮ್ಮು 29ರದಕ್ಕಿಂತ ದೊಡ್ಡದು: 635 ಮಿಲಿಮೀಟರಿಗೆ 622. ಮೇಷ್ಟ್ರು ನಂಬಲಿಲ್ಲ. ಟೇಪು ತರಿಸಿ ಅಳೆದರು. ನಲವತ್ತು ವರ್ಷ ಅಂಕಿಗಳನ್ನು ನಂಬಿ ಬದುಕಿದ ಮನುಷ್ಯ ಅಂಗಡಿಯ ಬೆಂಚಿನ ಮೇಲೆ ಕೂತುಬಿಟ್ಟರು. "ಫಾರಿನ್ನಿನವರು ಟೈರು ಸೇರಿಸಿ ಅಳೀತಾರೆ, ಅವರವರ ಟೈರು ಅವರವರಿಗೆ" ಎಂದು ಯಜಮಾನರು ಸಮಾಧಾನ ಹೇಳಿದರು.

ಪಂಪಿನ ಸಮಸ್ಯೆಯೂ ಇದೇ ಜಾತಿಯದು. ಅಟ್ಲಾಸಿಗೆ ಹಳೆಯ ವಾಲ್ವು, ಒಳಗೆ ಬೆರಳುದ್ದದ ರಬ್ಬರಿನ ವಾಲ್‌ಟ್ಯೂಬು. ನನ್ನದಕ್ಕೆ ಸ್ಕೂಟರು ಕಾರಿಗಿರುವಂಥದ್ದು. ಹಳ್ಳಿಯ ಪಂಕ್ಚರ್ ಅಂಗಡಿಗಳೆಲ್ಲ ಈಗ ಬೈಕಿನವು, ಆದ್ದರಿಂದ ನನಗೆ ಎಲ್ಲೆಂದರಲ್ಲಿ ಗಾಳಿ ಸಿಗುತ್ತದೆ. ಹಳ್ಳಿಗಾಡಿಗೆಂದೇ ಹುಟ್ಟಿದ ಮೇಷ್ಟ್ರ ಗಾಡಿಗೆ ಹಳ್ಳಿಯಲ್ಲಿ ಗಾಳಿಯಿಲ್ಲ. ಹಾಗಾಗಿ ಎರಡು ಅಳತೆಯ ಟ್ಯೂಬು, ಎರಡು ಬಾಯಿಯ ಪಂಪು, ಸಲ್ಯೂಷನ್ನು, ಉಪ್ಪುಕಾಗದ, ತೇಪೆ, ಟೈರ್ ಎತ್ತುವ ಲಿವರ್, ಸ್ಪ್ಯಾನರ್. ಇಷ್ಟೂ ಸಾಮಾನು ಅಟ್ಲಾಸಿನ ಹ್ಯಾಂಡಲಿಗೆ ಒಂದು ಚೀಲದಲ್ಲಿ ತೂಗಿಬಿತ್ತು.

ಇನ್ನು ಪ್ಯಾಕಿಂಗು. ನಾನು ತಿಳಿದುಕೊಂಡಿದ್ದೆ, ಪ್ರಯಾಣಿಕ ತನಗೆ ಬೇಕಾದ ಸಾಮಾನನ್ನು ತಾನು ತುಂಬಿಕೊಳ್ಳುತ್ತಾನೆ ಅಂತ. ಮನೆಯ ನಡುಮನೆಯಲ್ಲಿ ಎರಡು ಚೀಲಗಳನ್ನು ಬಾಯಿ ತೆರೆದು ಒಂದು ವಾರ ಇಟ್ಟರೆ ತಿಳಿಯುತ್ತದೆ, ಅದನ್ನು ತುಂಬುವುದು ಬೇರೆಯವರು. ತುಂಬುವುದೂ ಸಾಮಾನಲ್ಲ. ಅವರವರ ಭಯ.

ಅಮ್ಮನ ಭಯ ಹಸಿವು. ಕುರುಕ್ಷೇತ್ರದ ಎರಡೂ ಕಡೆಯ ಸೈನ್ಯಕ್ಕೆ ಸಾಲುವಷ್ಟು ಕೋಡುಬಳೆ ಒಂದು ಡಬ್ಬ. ಗೊಜ್ಜವಲಕ್ಕಿ ಒಂದು ಡಬ್ಬ. ನೀರು ಸೋಕದ ಪುಳಿಯೋಗರೆ ಗೊಜ್ಜು, ಎರಡು ದಿನ ಏನು, ಎರಡು ವಾರವಾದರೂ ಕೆಡುವುದಿಲ್ಲ ಎಂಬ ಖಾತರಿಯ ಸಮೇತ. ಇವುಗಳಲ್ಲಿ ನಾನು ಮನಸಾರೆ ಒಪ್ಪಿದ್ದು ಹುರಿಟ್ಟನ್ನು. ರಾಗಿಯನ್ನು ಅರಳು ಹುರಿದು ಬೀಸಿದ ಹಿಟ್ಟು. ಬೆಲ್ಲ, ಒಂದಿಷ್ಟು ಹಾಲೋ ಮಜ್ಜಿಗೆಯೋ ಹಾಕಿ ಕಲಸಿದರೆ ಊಟ. ಒಲೆ ಬೇಡ, ಬೆಂಕಿ ಬೇಡ, ಪಾತ್ರೆಯೂ ಒಂದೇ ಸಾಕು. ದನ ಕಾಯಲು ಹೋದವರು, ಜಾತ್ರೆಗೆ ನಡೆದು ಹೋದವರು ಎಲ್ಲ ಇದನ್ನೇ ಸೊಂಟದ ಗಂಟಿನಲ್ಲಿ ಕಟ್ಟಿಕೊಂಡವರು. ಆನ್‌ಲೈನಿನಲ್ಲಿ ಕ್ಯಾಂಪಿಂಗ್ ಆಹಾರವೆಂದು ಬೆಳ್ಳಿ ಪೊಟ್ಟಣದಲ್ಲಿ ಮಾರುವ ಯಾವ ಪದಾರ್ಥವೂ ಇದರ ಮುಂದೆ ನಿಲ್ಲುವುದಿಲ್ಲ ಎಂದು ನಾನು ಬರೆದುಕೊಡಬಲ್ಲೆ. ಅಮ್ಮ ಅದನ್ನು ತುಂಬಿದ್ದು ಮಾತ್ರ ಹಾರ್ಲಿಕ್ಸಿನ ಹಳೆಯ ಗಾಜಿನ ಬಾಟಲಿಯಲ್ಲಿ. ಬಾಟಲಿ ಹಿಟ್ಟಿಗಿಂತ ಭಾರ.

ಹೆಂಡತಿಯ ಭಯ ಹಾವು ಮತ್ತು ಥಂಡಿ, ಈ ಕ್ರಮದಲ್ಲಿ. ಟಾರ್ಚು, ಆ ಟಾರ್ಚು ಕೆಟ್ಟರೆ ಇನ್ನೊಂದು ಟಾರ್ಚು, ನೆಲ ಬಡಿದು ನಡೆಯಲು ಒಂದು ಕೋಲು, ಡೆಟಾಲು, ಅಮೃತಾಂಜನ, ಕಿವಿಗೆ ಹತ್ತಿ, ಮತ್ತು ಮಂಕಿ ಕ್ಯಾಪು. ಹದಿನಾರು ಡಿಗ್ರಿಗೆ ಮೈಸೂರಿಗರು ಮಂಕಿ ಕ್ಯಾಪು ಹಾಕುವುದನ್ನು ಉತ್ತರದವರು ಕಂಡು ನಗುತ್ತಾರೆ. ನಗಲಿ. ನಮಗೆ ಚಳಿಯೆಂದರೆ ಥರ್ಮಾಮೀಟರಿನಲ್ಲಿ ಇರುವುದಲ್ಲ, ಕಿವಿಯಿಂದ ಒಳಗೆ ಹೋಗುವುದು. ಬೇಡವೆಂದರೆ ಕೇಳುವವರಾರು? ಕಂದು ಬಣ್ಣದ, ನೆತ್ತಿಯ ಮೇಲೆ ಉಣ್ಣೆಯ ಚೆಂಡಿರುವ ಆ ಟೋಪಿಯನ್ನು ನಾನು ಹಗಲಿನಲ್ಲಿ ತೆಗೆದಿಟ್ಟರೆ ರಾತ್ರಿಯಲ್ಲಿ ಅದು ಮತ್ತೆ ಚೀಲದೊಳಗಿರುತ್ತಿತ್ತು.

ಮಗನ ಭಯ ಚಾರ್ಜು. ಅವನು ಒಂದು ಇಟ್ಟಿಗೆಯಷ್ಟು ಪವರ್ ಬ್ಯಾಂಕು ತಂದಿಟ್ಟು, ಎರಡು ಗಂಟೆಗೊಮ್ಮೆ ಲೊಕೇಷನ್ ಕಳಿಸಬೇಕೆಂದು ತಾಕೀತು ಮಾಡಿದ. ನಾನು ಅವನ ವಯಸ್ಸಿನಲ್ಲಿ ಅಪ್ಪನಿಗೆ ಹೇಳದೆ ಕೆಆರ್‌ಎಸ್ಸಿಗೆ ಹೋಗಿ ಬಂದ ಮಗ. ಕಾಲಚಕ್ರದ ಈ ಉಲ್ಟಾ ಗೇರು ನನಗೆ ಹಿಡಿಸಲಿಲ್ಲ.

ಕಂಡಕ್ಟರ ಭಯ ರಸ್ತೆ, ಮತ್ತದು ನ್ಯಾಯವಾದದ್ದೇ. ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳ ಜೊತೆ ಮೋಟಾರಿಲ್ಲದ ಗಾಡಿಗಳಿಗೂ ಪ್ರವೇಶವಿಲ್ಲ. ನಾವು ಬೆಳಗೊಳ, ಪಾಲಹಳ್ಳಿ ಸುತ್ತಿಕೊಂಡು ಶ್ರೀರಂಗಪಟ್ಟಣ ಸೇರುವುದೆಂದಾಯಿತು. ಅಲ್ಲಿಂದ ಮುಂದೆ ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ನೆರಳಿದೆ, ವಾಹನ ಕಡಿಮೆ ಎಂದು ಮೇಷ್ಟ್ರು ನಕ್ಷೆ ತೋರಿಸಿದರು. "ತಡೆಗೋಡೆ ಇದೆಯಾ?" ಎಂದು ಹೆಂಡತಿ ಕೇಳಿದಳು. ಮೇಷ್ಟ್ರು ನಕ್ಷೆ ಮಡಿಸಿದರು. ಊರ ರಸ್ತೆಯೇ ಗಟ್ಟಿಯಾಯಿತು. ಅದು ಕಬ್ಬಿನ ಕಾಲವಾದ್ದರಿಂದ ಎರಡೆರಡು ಟ್ರೈಲರ್ ಎಳೆದುಕೊಂಡು ಹಾಡು ಹಾಕಿಕೊಂಡು ಹೋಗುವ ಟ್ರ್ಯಾಕ್ಟರುಗಳನ್ನು ಕಂಡರೆ ಸೈಕಲ್ಲಿನಿಂದ ಇಳಿದು ಮಣ್ಣಿಗೆ ನಿಲ್ಲಬೇಕು, ಹಾಡು ಮುಗಿದ ಮೇಲೆ ಹತ್ತಬೇಕು, ಇದು ಕಂಡಕ್ಟರ ಷರತ್ತು.

ಕಬ್ಬೆಂದರೆ ಚಿರತೆಯೂ ಬಂತು. ಮಂಡ್ಯದ ಕಬ್ಬಿನ ಗದ್ದೆಗಳಲ್ಲಿ ಚಿರತೆ ಮರಿ ಹಾಕುವುದನ್ನು ಪತ್ರಿಕೆಯಲ್ಲಿ ಓದದವರಿಲ್ಲ. ಅಮ್ಮ ಈ ಮಾತೆತ್ತಿದಾಗ ನಾನು ಸಿದ್ಧನಾಗಿಯೇ ಇದ್ದೆ. 2024ರ ಕೊನೆಯ ದಿನ ಚಿರತೆ ಬಂದದ್ದು ಎಲ್ಲಿಗೆ? ನಮ್ಮ ಮೈಸೂರಿನ ಇನ್ಫೋಸಿಸ್ ಆವರಣಕ್ಕೆ. ಅಷ್ಟು ಕಾವಲಿರುವ ಕಡೆ ಪಾಸಿಲ್ಲದೆ ಬರುವ ಪ್ರಾಣಿ ನಮ್ಮ ಬಡಾವಣೆಗೆ ಬರಲಾರದೇ? ಅಂದಮೇಲೆ ಊರಲ್ಲಿದ್ದರೂ ಒಂದೇ, ತೋಟದಲ್ಲಿದ್ದರೂ ಒಂದೇ. ನನ್ನ ತರ್ಕ ಅಮ್ಮನಿಗೆ ಹಿಡಿಸಿತು. ಅಂದಿನಿಂದ ಸಂಜೆ ಹೊತ್ತು ಹೂವು ಕೀಳಲು ಹಿತ್ತಲಿಗೆ ಹೋಗುವುದನ್ನು ಬಿಟ್ಟರು. ನನ್ನ ಚೀಲಕ್ಕೆ ಒಂದು ಸ್ಟೀಲ್ ತಟ್ಟೆ, ಒಂದು ಸೌಟು ಸೇರಿದವು, ಬಡಿದು ಸದ್ದು ಮಾಡಲು.

ಮೇಷ್ಟ್ರ ಮನೆಯಲ್ಲಿ ಪ್ಯಾಕಿಂಗು ಬೇರೆ ಪಂಥದ್ದು. ಅವರು ಪ್ರತಿ ಸಾಮಾನನ್ನೂ ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿ ಗ್ರಾಮುಗಳಲ್ಲಿ ಬರೆದಿಟ್ಟಿದ್ದರು. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಗರಗಸದಿಂದ ಅರ್ಧಕ್ಕೆ ಕೊಯ್ದಿದ್ದರು. ಸೋಪು ಒಂದು ಚೂರು, ಟವೆಲಿನ ಬದಲು ಚೌಕ, ಓದಲು ಒಂದು ಪುಸ್ತಕ, ಅದರಲ್ಲೂ ಮುನ್ನುಡಿಯ ಹಾಳೆಗಳನ್ನು ಬಿಚ್ಚಿ ಮನೆಯಲ್ಲೇ ಬಿಟ್ಟಿದ್ದರು. ಮುನ್ನುಡಿ ಎಷ್ಟೋ ಪುಸ್ತಕಗಳಲ್ಲಿ ಭಾರವೇ ಎಂಬುದನ್ನು ನಾನೂ ಒಪ್ಪುತ್ತೇನೆ. ಹೀಗೆ ಗ್ರಾಂ ಗ್ರಾಂ ಉಳಿಸಿದ ಮಹಾನುಭಾವರು ಆಮೇಲೆ ಚೀಲದ ತಳಕ್ಕೆ ಮೂರು ಲೀಟರಿನ ಪ್ರೆಶರ್ ಕುಕ್ಕರ್ ಇಟ್ಟರು. ಕೇಳಿದ್ದಕ್ಕೆ, "ರಾತ್ರಿ ಅನ್ನ ಸಾರು ಇಲ್ಲದಿದ್ರೆ ನಂಗೆ ನಿದ್ದೆ ಬರಲ್ಲ ಕಣಯ್ಯ" ಎಂದರು. ಸಣ್ಣ ಗ್ಯಾಸ್ ಕ್ಯಾನಿನಲ್ಲಿ 230 ಗ್ರಾಂ ಇಂಧನ, ಅಕ್ಕಿಗೆ ಮೂರು ಕೂಗು, ಬೇಳೆಗೆ ನಾಲ್ಕು. ಸಾಲುತ್ತದೆಯೋ ಇಲ್ಲವೋ ಎಂಬುದರ ಲೆಕ್ಕ ಎರಡು ಹಾಳೆ ಹಿಡಿದಿತ್ತು. ತೋಟದ ಮನೆಯಲ್ಲಿ ಮೂರು ಕಲ್ಲಿನ ಒಲೆಯಿದೆ, ತೆಂಗಿನ ಮಟ್ಟೆ ಬೇಕಾದಷ್ಟಿದೆ ಎಂದು ಷಡ್ಡಕರು ಫೋನಿನಲ್ಲಿ ಹೇಳಿದ ಮೇಲೂ ಆ ಹಾಳೆಗಳನ್ನು ಅವರು ಎಸೆಯಲಿಲ್ಲ.

ಡೇರೆಯ ತಾಲೀಮು ನಮ್ಮ ತಾರಸಿಯ ಮೇಲೆ ನಡೆಯಿತು. ಕಂಬಿಗಳನ್ನು ಪೋಣಿಸಿ ಬಗ್ಗಿಸಿದಾಗ ಡೇರೆ ಎದ್ದು ನಿಂತಿತು, ಸರಿ. ಗೂಟ ಹೊಡೆಯುವುದೆಲ್ಲಿ? ಕಾಂಕ್ರೀಟು ಗೂಟಕ್ಕೆ ಬಗ್ಗುವುದಿಲ್ಲ. ನಾಲ್ಕು ಮೂಲೆಗೆ ಎರಡು ಹೂಕುಂಡ, ರುಬ್ಬುವ ಗುಂಡು, ಸೋಲಾರ್ ಹೀಟರಿನ ಕಾಲು. ಎದುರು ಮನೆಯಿಂದ "ಏನ್ ಸಾರ್, ಶಾಮಿಯಾನಾನಾ? ಯಾರದು ನಾಮಕರಣ?" ಎಂದು ಕೂಗು ಬಂತು. ಒಳಗೆ ನಾವಿಬ್ಬರೂ ಮಲಗಿ ನೋಡಿದೆವು. ಒಬ್ಬರು ಮಗ್ಗುಲಾದರೆ ಇನ್ನೊಬ್ಬರೂ ಆಗಬೇಕು, ಮೊದಲೇ ಮಾತಾಡಿಕೊಂಡು. ಬಿಚ್ಚಿದ ಮೇಲೆ ಅದನ್ನು ಮತ್ತೆ ಚೀಲಕ್ಕೆ ಸೇರಿಸುವುದೇ ಅಸಲಿ ಕಸರತ್ತು. ಅಂಗಡಿಯವನು ಬಿಡಿಸಿ ತೋರಿಸಿದ ಸೀರೆ ಮನೆಗೆ ಬಂದ ಮೇಲೆ ಅದೇ ಮಡಿಕೆಗೆ ಬಾರದ ಹಾಗೆ, ಎಷ್ಟು ಸುತ್ತಿದರೂ ಒಂದು ಗೇಣು ಹೊರಗೇ ಉಳಿಯುತ್ತಿತ್ತು. ಮಗ ಬಂದು ಅದರ ಮೇಲೆ ಕೂತ. ಆಗ ಹೋಯಿತು. ಅಂದರೆ ತೊಣ್ಣೂರಿನಲ್ಲೂ ಕೂರಲು ಒಬ್ಬ ಬೇಕು. ಅಷ್ಟು ಹೊತ್ತು ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದ ಹೆಂಡತಿ ಬಹಳ ಮೃದುವಾಗಿ ಕೇಳಿದಳು: "ಇಲ್ಲೇ ಗಾಳಿ ಚೆನ್ನಾಗಿದೆ. ಇಲ್ಲೇ ಮಲಗಬಹುದಲ್ವಾ? ಬೆಳಿಗ್ಗೆ ಕಾಫಿ ಮೇಲಕ್ಕೇ ಕಳಿಸ್ತೀನಿ."

ಹೇಳುವುದಕ್ಕೆ ಉತ್ತರವಿರಲಿಲ್ಲ. ಇದ್ದದ್ದೆಂದರೆ ಮೇಷ್ಟ್ರ ಕಣ್ಣಿನಲ್ಲಿ ಒಂದು ಕ್ಷಣ ಮಿಂಚಿ ಹೋದ ಆಸೆ. ಅದನ್ನು ನಾನು ಕಂಡೆ, ಕಂಡೆನೆಂದು ಅವರಿಗೂ ಗೊತ್ತಾಯಿತು. ಇಬ್ಬರೂ ಡೇರೆ ಹೊತ್ತುಕೊಂಡು ಕೆಳಗಿಳಿದೆವು.

ಚೀಲದ ಒಟ್ಟು ತೂಕ ತಿಳಿಯಲೇಬೇಕಿತ್ತು, ಏಕೆಂದರೆ ನನ್ನ ಸೈಕಲ್ಲಿನ ಕ್ಯಾರಿಯರಿನ ಮೇಲೆ 25 ಕೆಜಿಯೇ ಮಿತಿ ಎಂದು ಅಚ್ಚಾಗಿದೆ. ಅಡಿಗೆಮನೆಯ ತಕ್ಕಡಿ ಇಂಥದ್ದಕ್ಕೆ ಒಗ್ಗದು. ರಸ್ತೆಯ ತುದಿಯ ಹಳೇ ಪೇಪರಿನ ಅಂಗಡಿಯಲ್ಲಿ ಕೊಕ್ಕೆಯ ತಕ್ಕಡಿಯಿದೆ. ಎರಡು ಚೀಲವನ್ನೂ ಹೊತ್ತು ಹೋಗಿ ತೂಗಿಹಾಕಿಸಿದೆ. ಹುಡುಗ ಮುಳ್ಳು ನೋಡಿ, "ಇಪ್ಪತ್ತೇಳೂವರೆ" ಎಂದು ಕ್ಯಾಲ್ಕುಲೇಟರಿಗೆ ಕೈ ಹಾಕಿದ. "ಪೇಪರ್ ರೇಟಾ ಸಾರ್, ಕಬ್ಬಿಣಾನೂ ಇದೆಯಾ?" ಮಾರಲು ತಂದದ್ದಲ್ಲಪ್ಪ, ಸುಮ್ಮನೆ ತೂಕ ನೋಡಲು ಎಂದೆ. ಅವನು ಚೀಲದ ಬಾಯಿ ಸರಿಸಿ, ಮೇಲಿದ್ದ ಮಂಕಿ ಕ್ಯಾಪನ್ನೂ ಸೌಟನ್ನೂ ನೋಡಿ, ಆಮೇಲೆ ನನ್ನನ್ನು ನೋಡಿ, "ಬಟ್ಟೆ ತಗೊಳಲ್ಲ ಸಾರ್, ಗಾಜಿನ ಬಾಟ್ಲಿಗೆ ಬೇಕಾದ್ರೆ ಎರಡು ರೂಪಾಯಿ ಕೊಡ್ತೀನಿ" ಎಂದ. ಇಡೀ ಸಿದ್ಧತೆಯಲ್ಲಿ ನನಗೆ ಸಿಕ್ಕ ಒಂದೇ ಒಂದು ಕಾರ್ಯಸಾಧ್ಯ ಸಲಹೆ ಅದು.

ಶುಕ್ರವಾರ ರಾತ್ರಿ ಚೀಲಗಳನ್ನು ಮತ್ತೆ ಬಿಚ್ಚಿ ನಡುಮನೆಯಲ್ಲಿ ಹರಡಿಕೊಂಡು ಕೂತೆ. ಎರಡೂವರೆ ಕೆಜಿ ಇಳಿಸಲೇಬೇಕು, ಯಾವುದನ್ನು ತೆಗೆದರೂ ಯಾರಿಗೋ ಬೇಸರ. ಹಾರ್ಲಿಕ್ಸ್ ಬಾಟಲಿಗೆ ಕೈ ಹಾಕಿದರೆ ಅಮ್ಮ ಕೆಮ್ಮುತ್ತಿದ್ದರು, ಎರಡನೇ ಟಾರ್ಚಿಗೆ ಹಾಕಿದರೆ ಹೆಂಡತಿ ಪಾತ್ರೆ ಜೋರಾಗಿ ಇಡುತ್ತಿದ್ದಳು. ಅಷ್ಟರಲ್ಲಿ ಅವಳೇ ಒಂದು ದಾರಿ ತೋರಿಸಿದಳು. ಅಮ್ಮನಿಗೆ ನಂಬಿ ನಾರಾಯಣನ ದರ್ಶನ ಮಾಡಿಸುವೆನೆಂದು ನಾನು ವರ್ಷಗಳಿಂದ ಹೇಳುತ್ತಲೇ ಬಂದಿದ್ದೇನೆ. ನಾಳೆ ಸಂಜೆ ತಾನು, ಅಮ್ಮ, ಮಗ ಕಾರಿನಲ್ಲಿ ಬಂದು ದೇವರಿಗೆ ಕೈಮುಗಿದು, ಬಿಸಿ ಬಿಸಿ ಊಟ ಕೊಟ್ಟು ರಾತ್ರಿಯೇ ಹಿಂತಿರುಗುತ್ತಾರೆ. ಭಾರದ ಸಾಮಾನೆಲ್ಲ ಕಾರಿನ ಡಿಕ್ಕಿಯಲ್ಲಿರಲಿ.

ನೋಡನೋಡುತ್ತಿದ್ದಂತೆ ನನ್ನ ಚೀಲ ಕರಗಿತು. ಡಬ್ಬಗಳು ಹೋದವು, ಬಾಟಲಿ ಹೋಯಿತು, ಕೋಲು, ತಟ್ಟೆ, ಸೌಟು, ಹೊದಿಕೆ, ಎಲ್ಲವೂ ಡಿಕ್ಕಿ ಸೇರಿದವು. ಸುದ್ದಿ ತಿಳಿದ ಮೇಷ್ಟ್ರು ರಾತ್ರಿ ಒಂಬತ್ತಕ್ಕೆ ಪಂಚೆಯಲ್ಲೇ ಬಂದು ಕುಕ್ಕರನ್ನು ಕೊಟ್ಟು, "ಜಾಗ ಇದ್ರೆ" ಎಂದು ಟ್ಯೂಬುಗಳ ಚೀಲವನ್ನೂ ಮುಂದೆ ಚಾಚಿದರು. ಟ್ಯೂಬು ದಾರಿಯಲ್ಲೇ ಬೇಕಾಗುವುದಲ್ಲವೇ ಎಂದು ನಾನು ಕೇಳಿದ್ದಕ್ಕೆ, ಪಂಕ್ಚರ್ ಆದರೆ ಕಾರು ಬರುವತನಕ ಕಾಯುವುದೆಂದರು. ಕಾಂಪೌಂಡಿನ ಆಚೆಯಿಂದ ಕಂಡಕ್ಟರು, ಡೇರೆಯೂ ಸಂಜೆಗೆ ಮೊದಲು ಬೇಕಾಗುವ ವಸ್ತುವಲ್ಲವೆಂದು ನೆನಪಿಸಿದರು. ಅದರಲ್ಲಿ ತಪ್ಪು ಹುಡುಕಲು ಯಾರಿಗೂ ಆಗಲಿಲ್ಲ. ಡೇರೆಯೂ ಹೋಯಿತು.

ಅಮ್ಮ ಕಾರಿನ ಒಳಗೆಲ್ಲ ಒಮ್ಮೆ ಬಗ್ಗಿ ನೋಡಿ, ಬೆರಳು ಮಡಿಸಿ ಎಣಿಸಿ, ನಮ್ಮಿಬ್ಬರ ಕಡೆಗೆ ತಿರುಗಿದರು.

"ಹಿಂದಿನ ಸೀಟಿನಲ್ಲಿ ಇನ್ನೂ ಇಬ್ಬರಿಗೆ ಜಾಗ ಇದೆಯಲ್ಲೋ!"